ಐದನೆಯ ತುಂಡು

2009, ಫೆಬ್ರುವರಿ 4

ತಮ್ಮಾ,

ಮೊದಲು ಬೈದು ಆಮೇಲೆ ವಿಷಯಕ್ಕೆ ಬರುತ್ತೇನೆ. ನಿನ್ನ ಫೋನು ಮತ್ತೆ ಸತ್ತಿದೆ. ನಿನ್ನ ಹೆಂಡತಿಯ ಫೋನಿಗೆ ಮಾಡಿದರೆ ಯಾವಾಗಲೂ ನೀನು ಸ್ನಾನಕ್ಕೆ ಹೋಗಿರುತ್ತೀಯ. ದಿನಕ್ಕೆ ನಾಲ್ಕು ಸಲ ಸ್ನಾನ ಮಾಡುವ ಮನುಷ್ಯನನ್ನು ನಾನು ಈವರೆಗೆ ಕಂಡಿಲ್ಲ. ಅದಕ್ಕೇ ಕಾಗದ.

ವಿಷಯ ಇದು: ನಿನ್ನ ಅಕ್ಕ ಪಿಎಚ್.ಡಿ.ಗೆ ಸೇರಿದ್ದಾಳೆ. ನಗಬೇಡ. ಇಪ್ಪತ್ತೆರಡು ವರ್ಷ ಈ ಕಾಲೇಜಿನ ಲ್ಯಾಬಿನಲ್ಲಿ ಬೇರೆಯವರ ಪ್ರಯೋಗಕ್ಕೆ ಗಾಜಿನ ಪಾತ್ರೆ ತೊಳೆದುಕೊಟ್ಟವಳು ನಾನು. ಹೋದ ವಾರ ಪ್ರೊಫೆಸರ್ ಕರೆದು, "ಅಂಚೆಯಲ್ಲಿ ಎಂ.ಎಸ್ಸಿ. ಮಾಡ್ಕೊಂಡು ಸುಮ್ನೆ ಕೂತಿದ್ದೀರಲ್ಲ, ತೂಗೋದ್ರಲ್ಲಿ ನಿಮ್ಮಂಥ ಕೈ ಇನ್ಯಾರಿಗೂ ಇಲ್ಲ ಕಣಮ್ಮ" ಎಂದರು. ಹೊಗಳಿದರೋ ಬೈದರೋ ತಿಳಿಯಲಿಲ್ಲ. ಅರ್ಜಿ ಬರೆದುಕೊಟ್ಟುಬಿಟ್ಟೆ.

ಯಾವುದರ ಮೇಲೆ ಸಂಶೋಧನೆ ಎಂದು ಕೇಳು. ನಿನ್ನ ತೊಟ್ಟಿಯ ಮೇಲೆ! ಉಕ್ಕಿನ ಹಾಳೆಯ ಮೇಲಿನ ಕಪ್ಪು ಪದರ ತೆಗೆಯಲು ನೀವು ಕಾರ್ಖಾನೆಯಲ್ಲಿ ಆಸಿಡ್‌ನಲ್ಲಿ ಅದ್ದುತ್ತೀರಿ. ಪದರ ಹೋದ ಮೇಲೆ ಆಸಿಡ್ ಉಕ್ಕನ್ನೇ ತಿನ್ನಲು ಶುರುಮಾಡುತ್ತದೆ. ಅದನ್ನು ತಡೆಯಲು ಡ್ರಮ್ಮಿನಿಂದ ಆ ಹಳದಿ ಮದ್ದು ಸುರಿಯುತ್ತೀರಿ, ಕೊಳೆತ ಮೀನಿನ ವಾಸನೆಯದು. ಅದರ ಘಾಟು ನಿನ್ನ ಎದೆಯಲ್ಲಿ ಕೂತಿದೆ. ಮರದ ಗೋಂದಿಗೂ ಅದೇ ಗುಣ ಇದೆಯಂತೆ. ಆಸಿಡ್‌ನಲ್ಲಿ ಕರಗಿಸಿದರೆ ಅದು ಉಕ್ಕಿನ ಮೈಗೆ ಅಂಟಿಕೊಂಡು ಹೊದಿಕೆಯಾಗುತ್ತದೆ. ಆಸಿಡ್ ಉಕ್ಕನ್ನು ಮುಟ್ಟದಿದ್ದರೆ ಗುಳ್ಳೆ ಏಳುವುದಿಲ್ಲ, ಗುಳ್ಳೆ ಏಳದಿದ್ದರೆ ಆಸಿಡ್ ಹನಿ ಗಾಳಿಗೆ ಹಾರುವುದಿಲ್ಲ. ಗೋಂದಿಗೆ ಘಾಟೂ ಇಲ್ಲ.

ಹೋದ ಸಲ ಬಂದಾಗ ನಿನ್ನ ಮನೆಯ ಹನ್ನೆರಡು ಮೆಟ್ಟಿಲು ಹತ್ತಲು ನೀನು ಎರಡು ಕಡೆ ನಿಂತೆ. ನಾಲ್ಕನೆಯದರಲ್ಲಿ ಚಪ್ಪಲಿ ಸರಿಮಾಡಿಕೊಳ್ಳುವ ನೆಪ, ಒಂಬತ್ತನೆಯದರಲ್ಲಿ ಬಲ್ಬು ನೋಡುವ ನೆಪ. ನಾನು ಎಣಿಸಿದೆ. ನಿನ್ನ ಉಸಿರು ಉಳಿಯಬೇಕು, ಅದಕ್ಕೇ ಈ ವಯಸ್ಸಿನಲ್ಲಿ ಈ ಹಟ. ಪದವಿಯೂ ಬೇಕು, ಸುಳ್ಳೇಕೆ ಹೇಳಲಿ.

ನಿಮ್ಮಲ್ಲಿ ಅದ್ದುವ ಅದೇ ಹಾಳೆಯಿಂದ ಒಂದು ಅಂಗುಲ ಚೌಕದ ತುಂಡುಗಳನ್ನು ಕತ್ತರಿಸಿ ಕಳಿಸು. ಮೂಲೆಯಲ್ಲಿ ದಾರ ಕಟ್ಟಲು ಒಂದೊಂದು ತೂತು. ನೂರಿಪ್ಪತ್ತು ಬೇಕು.

ಅಕ್ಕ


2009, ಫೆಬ್ರುವರಿ 20

ತಕ್ಕಡಿ ಅಕ್ಕನಿಗೆ,

ನಕ್ಕಿಲ್ಲ. ಆಮೇಲೆ ನಕ್ಕೆ. ಆಮೇಲೆ ಒಳಗೆ ಹೋಗಿ ಕಣ್ಣು ಒರೆಸಿಕೊಂಡೆ, ಇದನ್ನು ಯಾರಿಗೂ ಹೇಳಬೇಡ.

ಚಿಕ್ಕಂದಿನಲ್ಲಿ ಒಂದು ಬಿಸ್ಕತ್ತು ಸಿಕ್ಕರೆ ಅದನ್ನು ಮುರಿದು, ಎರಡು ತುಂಡನ್ನೂ ಎರಡು ಅಂಗೈಯಲ್ಲಿಟ್ಟು ತೂಗಿ, "ಎರಡೂ ಸಮ ಕಣೋ, ತಿನ್ನು" ಅನ್ನುತ್ತಿದ್ದವಳು ನೀನು. ಈಗ ನಿನಗೆ ನಿಜವಾದ ತಕ್ಕಡಿಯನ್ನೇ ಕೊಟ್ಟಿದ್ದಾರೆ. ಲೋಕಕ್ಕೆ ಬುದ್ಧಿ ಬರಲು ಇಷ್ಟು ವರ್ಷ ಬೇಕಾಯಿತು.

ಫೋನಿನ ವಿಷಯ: ಅದು ಮೂರನೆಯದು. ತೊಟ್ಟಿಯ ಕೋಣೆಯ ಗಾಳಿ ಅದರ ಹೊಟ್ಟೆಯೊಳಗೆ ಹೊಕ್ಕು ತಿಂದುಹಾಕುತ್ತದೆ. ಕಿಟಕಿಯ ಸರಳು ಪೆನ್ಸಿಲ್ಲಿನಷ್ಟು ಸಣ್ಣಗಾಗಿದೆ, ಬಾಗಿಲಿನ ಕೀಲು ಎರಡು ಸಲ ಬದಲಾಗಿದೆ, ನನ್ನ ಬನಿಯನ್ನಿನಲ್ಲಿ ಹಿಟ್ಟು ಜರಡಿ ಹಿಡಿಯಬಹುದು. ಮುಂದಿನ ಹಲ್ಲುಗಳೂ ಸವೆದಿವೆ. ನಕ್ಕರೆ ಎಳೆ ಮಗುವಿನ ಹಾಗೆ ಕಾಣುತ್ತೀರಿ ಎನ್ನುತ್ತಾಳೆ ನಿನ್ನ ನಾದಿನಿ. ಇನ್ನು ಫೋನು ಯಾವ ಲೆಕ್ಕ? ಕಾಗದವೇ ಇರಲಿ. ನಿನ್ನ ಕಾಗದವನ್ನು ಎರಡು ಸಲ ಓದಬಹುದು, ಫೋನಿನ ಬೈಗುಳ ಒಂದೇ ಸಲಕ್ಕೆ ಮುಗಿದುಹೋಗುತ್ತದೆ.

ಮೆಟ್ಟಿಲಿನ ವಿಷಯ: ಆ ದಿನ ಶೀತವಾಗಿತ್ತು. ಚಪ್ಪಲಿಯ ಉಂಗುಷ್ಟ ನಿಜವಾಗಿಯೂ ಕಿತ್ತುಹೋಗಿತ್ತು.

ನೂರಿಪ್ಪತ್ತು ಕೇಳಿದೆ, ನೂರೈವತ್ತು ಕಳಿಸಿದ್ದೇನೆ. ಊಟದ ಬಿಡುವಿನಲ್ಲಿ ಕತ್ತರಿಸಿ, ಅಂಚುಗಳನ್ನು ಒಂದೊಂದಾಗಿ ಉಜ್ಜಿದ್ದೇನೆ, ನಿನ್ನ ಬೆರಳು ಕೊಯ್ಯಬಾರದು. "ಏನಯ್ಯಾ ಇದು, ಅಂಗಿ ಗುಂಡಿನಾ?" ಎಂದು ಕಾರ್ಖಾನೆಯ ಯಜಮಾನರು ಕೇಳಿದರು. "ನಮ್ಮಕ್ಕ ಡಾಕ್ಟರ್ ಆಗ್ತಾಳೆ ಸಾರ್, ಅವಳ ಕೋಟಿಗೆ" ಎಂದೆ.

ತಮ್ಮ


2009, ನವೆಂಬರ್ 11

ತಮ್ಮಾ,

ತೊಂಬತ್ತೊಂದು!

ನಿನಗೆ ಅರ್ಥವಾಗುವ ಹಾಗೆ ಹೇಳುತ್ತೇನೆ. ಒಂದು ತುಂಡನ್ನು ಬರೀ ಆಸಿಡ್‌ನಲ್ಲಿ ಆರು ಗಂಟೆ ಇಳಿಬಿಟ್ಟೆ, ಇನ್ನೊಂದನ್ನು ಗೋಂದು ಬೆರೆಸಿದ ಆಸಿಡ್‌ನಲ್ಲಿ. ಮೊದಲಿನದು ಕಪ್ಪಗಾಗಿ, ಅಂಚೆಲ್ಲ ಇಲಿ ಕಚ್ಚಿದ ಹಾಗಾಗಿ ಬಂತು. ಎರಡನೆಯದು ನೀನು ಉಜ್ಜಿ ಕಳಿಸಿದ ಹೊಳಪಿನಲ್ಲೇ ಬಂತು. ಬರೀ ಆಸಿಡ್ ನೂರು ಪಾಲು ತಿಂದರೆ, ಗೋಂದು ಅದರಲ್ಲಿ ತೊಂಬತ್ತೊಂದು ಪಾಲನ್ನು ಉಳಿಸಿಕೊಟ್ಟಿದೆ. ಮೂವತ್ತು ಡಿಗ್ರಿಯಲ್ಲಿ, ಲೀಟರಿಗೆ ಒಂದೇ ಗ್ರಾಂ ಗೋಂದಿಗೆ. ನಾಲ್ಕು ಸಲ ತೂಗಿದೆ. ಯಾವ ದುಬಾರಿ ಗೋಂದೂ ಅಲ್ಲ, ಕಾಲೇಜಿನ ಹಿಂದಿನ ಜಾಲಿ ಮರಗಳದು. ಭಾನುವಾರಗಳಲ್ಲಿ ನಾನೇ ಚಾಕು ಹಿಡಿದು ಕೆರೆದು ತಂದದ್ದು. ಕಾವಲಿನವನು ನನಗೆ ಹುಚ್ಚು ಎಂದುಕೊಂಡಿದ್ದಾನೆ.

ನಿನ್ನ ತೊಟ್ಟಿ ಅರವತ್ತು ಡಿಗ್ರಿಯದು ಎಂದು ಗೊತ್ತು. ಬಿಸಿಯ ಪರೀಕ್ಷೆ ಇನ್ನೂ ಆಗಿಲ್ಲ, ಇಲ್ಲಿನ ಬಿಸಿನೀರಿನ ಯಂತ್ರ ಕೆಟ್ಟು ಕೂತಿದೆ. ಆದರೆ ನನಗೆ ಕಾಯಲು ಮನಸ್ಸಿಲ್ಲ. ಡಬ್ಬಿಯಲ್ಲಿ ಗೋಂದಿನ ಪುಡಿ ಕಳಿಸಿದ್ದೇನೆ, ಜೊತೆಗೆ ಒಂದರಿಂದ ಐದರವರೆಗೆ ನಂಬರು ಕೊರೆದ ತುಂಡುಗಳು. ಚಿಕ್ಕ ತೊಟ್ಟಿಯನ್ನು ಪೂರ್ತಿ ಖಾಲಿ ಮಾಡಿ, ತೊಳೆದು, ಹೊಸ ಆಸಿಡ್ ತುಂಬಿ, ಗೋಂದು ಹಾಕು. ಹಳೇ ಮದ್ದು ಒಂದು ತೊಟ್ಟೂ ಇರಕೂಡದು. ತುಂಡುಗಳನ್ನು ನೈಲಾನ್ ದಾರದಲ್ಲಿ ಸರಿಯಾಗಿ ಆರು ಗಂಟೆ ಇಳಿಬಿಡು. ತೊಳೆದು ಒಣಗಿಸಿ ಕಳಿಸು. ಉಳಿದದ್ದು ನನ್ನ ತಕ್ಕಡಿ ಹೇಳುತ್ತದೆ.

ಎದೆ ಹೇಗಿದೆ? ಶೀತ ಎಂದು ಬರೆದರೆ ಅಲ್ಲಿಗೇ ಬಂದು ಕಿವಿ ಹಿಂಡುತ್ತೇನೆ.

ಅಕ್ಕ


2010, ಜನವರಿ 9

ಅಕ್ಕ,

ಕಾಗದ ತಡವಾಯಿತು, ಕ್ಷಮಿಸು. ಯಜಮಾನರನ್ನು ಒಪ್ಪಿಸಲು ಅವರ ತಲೆಯನ್ನು ಒಂದು ತಿಂಗಳು ತಿಂದೆ.

ನಿನ್ನ ಗೋಂದು ಕೆಲಸ ಮಾಡುತ್ತಿದೆ. ಏನು ಹೇಳಲಿ, ತೊಟ್ಟಿಯ ಕೋಣೆಗೆ ಹೋದರೆ ಹೂದೋಟಕ್ಕೆ ಹೋದಂತಾಗುತ್ತದೆ. ಹಾಳೆಗಳು ಕನ್ನಡಿಯ ಹಾಗೆ ಹೊರಬರುತ್ತಿವೆ, ಅವುಗಳಲ್ಲಿ ಮುಖ ನೋಡಿಕೊಂಡು ಗಡ್ಡ ಹೆರೆಯುತ್ತೇನೆ. ಎದೆಯೂ ಹಗುರಾಗಿದೆ. ಮೊನ್ನೆ ಮೆಟ್ಟಿಲನ್ನು ಒಂದೇ ಉಸಿರಿಗೆ ಹತ್ತಿದೆ, ಬೇಕಾದರೆ ನಿನ್ನ ನಾದಿನಿಯನ್ನು ಕೇಳು. ಬೇಡ, ಕೇಳಬೇಡ, ಅವಳು ಆಗ ಅಂಗಡಿಗೆ ಹೋಗಿದ್ದಳು.

ನಾಲ್ಕು ತುಂಡು ಕಳಿಸಿದ್ದೇನೆ. ಐದನೆಯದು ದಾರ ಜಾರಿ ತೊಟ್ಟಿಯ ತಳಕ್ಕೆ ಬಿತ್ತು. ಎಷ್ಟು ಹುಡುಕಿದರೂ ಸಿಗಲಿಲ್ಲ. ನಾಲ್ಕು ಸಾಲದೇ?

ತಮ್ಮ


2010, ಫೆಬ್ರುವರಿ 2

ತಮ್ಮಾ,

ನಿನಗೊಂದು ಗುಟ್ಟು ಹೇಳಬೇಕು. ನಿನ್ನ ತುಂಡುಗಳು ಬರುವ ಹಿಂದಿನ ವಾರ ಇಲ್ಲಿನ ಬಿಸಿನೀರಿನ ಯಂತ್ರ ರಿಪೇರಿಯಾಯಿತು. ಅರವತ್ತು ಡಿಗ್ರಿಯಲ್ಲಿ ಗೋಂದನ್ನು ನೋಡಿದೆ. ಮೂವತ್ತೆಂಟು. ತೊಂಬತ್ತೊಂದರಿಂದ ಮೂವತ್ತೆಂಟಕ್ಕೆ! ಬಿಸಿ ಏರಿದ ಹಾಗೆ ಗೋಂದಿನ ಹೊದಿಕೆ ಕಳಚಿಕೊಳ್ಳುತ್ತದೆ. ಆ ದಿನ ಮನೆಗೆ ಹೋಗಿ ದೀಪ ಹಾಕದೆ ಕೂತಿದ್ದೆ. ನಿನಗೆ ಏನೆಂದು ಬರೆಯುವುದೆಂದು ತೋಚಲಿಲ್ಲ.

ಆಮೇಲೆ ನಿನ್ನ ಲಕೋಟೆ ಬಂತು. ನಾಲ್ಕೂ ತುಂಡು ತೂಗಿದೆ. ತೊಂಬತ್ತಮೂರು, ತೊಂಬತ್ತನಾಲ್ಕು, ತೊಂಬತ್ತಮೂರು, ತೊಂಬತ್ತೆರಡು. ತಕ್ಕಡಿ ಕೆಟ್ಟಿದೆಯೇನೋ ಎಂದು ಬೇರೆ ತಕ್ಕಡಿಯಲ್ಲೂ ತೂಗಿದೆ. ಪ್ರೊಫೆಸರ್ ಹೇಳಿದರು, "ಕಾರ್ಖಾನೆ ತೊಟ್ಟಿ ಲೆಕ್ಕವೇ ಬೇರೆ ಕಣಮ್ಮ. ಕರಗಿದ ಕಬ್ಬಿಣ ಗೋಂದಿನ ಜೊತೆ ಸೇರಿ ಏನೋ ಮಾಡ್ತಿರಬಹುದು. ನಮ್ಮ ಪುಟ್ಟ ಗ್ಲಾಸಲ್ಲಿ ಅದೆಲ್ಲ ಎಲ್ಲಿ ಕಾಣುತ್ತೆ? ಆ ಮೂವತ್ತೆಂಟನ್ನ ಸದ್ಯಕ್ಕೆ ಬದಿಗಿಡಿ."

ಬದಿಗಿಟ್ಟಿದ್ದೇನೆ. ಆದರೂ ಮನಸ್ಸು ಕೇಳುತ್ತಿಲ್ಲ. ಒಂದೇ ಒಂದು ಮಾತಿಗೆ ಉತ್ತರ ಕೊಡು. ಆ ತೊಟ್ಟಿಯಲ್ಲಿ ಗೋಂದು ಬಿಟ್ಟು ಬೇರೇನೂ ಇರಲಿಲ್ಲ ತಾನೇ?

ಅಕ್ಕ


2010, ಫೆಬ್ರುವರಿ 24

ಅಕ್ಕ,

ನಿನಗೆ ನಿನ್ನ ತಮ್ಮನ ಮೇಲೆ ನಂಬಿಕೆ ಇಲ್ಲವಲ್ಲ! ನಾನು ಈ ತೊಟ್ಟಿಯ ಮುಂದೆ ಹದಿನೇಳು ವರ್ಷ ನಿಂತಿದ್ದೇನೆ. ಹಳೇ ಮದ್ದು ಒಂದು ಹನಿ ಇದ್ದರೂ ನನ್ನ ಮೂಗಿಗೆ ಗೊತ್ತಾಗುತ್ತದೆ. ಗೋಂದೇ, ಬರೀ ಗೋಂದೇ.

ಹೊದಿಕೆ ಯಾಕೆ ಕಳಚಿಕೊಳ್ಳುತ್ತಿಲ್ಲ ಎಂದು ನನ್ನನ್ನು ಕೇಳಬೇಡ, ನಾನು ಓದಿದ್ದು ಎಂಟನೆಯ ಕ್ಲಾಸು. ತಿಂಗಳಿಗೆ ನಾಲ್ಕು ತುಂಡು ಕಳಿಸುತ್ತಿರುತ್ತೇನೆ. ನೀನು ತೂಗುತ್ತಿರು. ರಾತ್ರಿ ನಿದ್ದೆ ಮಾಡು. ದೀಪ ಹಾಕಿಕೊಂಡು ಕೂರು.

ತಮ್ಮ


2011, ಡಿಸೆಂಬರ್ 15

ತಮ್ಮಾ,

ಪ್ರಬಂಧ ಸಲ್ಲಿಸಿಯಾಯಿತು! ಇನ್ನೂರ ಹನ್ನೊಂದು ಪುಟ. ಐದನೆಯ ಅಧ್ಯಾಯ ಪೂರ್ತಿ ನಿನ್ನದು: "ಕೈಗಾರಿಕಾ ತೊಟ್ಟಿಯಲ್ಲಿ ಎರಡು ವರ್ಷಗಳ ಪ್ರಯೋಗ". ಅದರ ಭಾಗವೊಂದು ವಿಜ್ಞಾನ ಪತ್ರಿಕೆಯಲ್ಲೂ ಅಚ್ಚಾಗಿದೆ. ಕೊನೆಯಲ್ಲಿ ಕೃತಜ್ಞತೆಯ ಸಾಲಿನಲ್ಲಿ ನೀನಿದ್ದೀಯ. ಗೋಂದಿನ ಮೇಲೆ ಕೆಲಸ ಮಾಡಿದವರು ಬೇಕಾದಷ್ಟು ಜನ ಇದ್ದಾರೆ, ಬಿಸಿ ತೊಟ್ಟಿಯಲ್ಲಿ ಗೆದ್ದವರು ಯಾರೂ ಇಲ್ಲ ಎಂದು ಪ್ರೊಫೆಸರ್ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದಾರೆ. ಮೂವತ್ತೆಂಟು ಅದರಲ್ಲಿ ಇಲ್ಲ. ಲ್ಯಾಬಿನ ತಪ್ಪು ಎಂದು ಆ ಕಾಲಂ ತೆಗೆದುಹಾಕಿದೆವು. ಅಳಿಸುವಾಗ ಕೈ ಸ್ವಲ್ಪ ತಡೆಯಿತು. ನನ್ನ ಗ್ಲಾಸಿಗಿಂತ ನನ್ನ ತಮ್ಮನ ಮಾತು ದೊಡ್ಡದು ಎಂದುಕೊಂಡು ಅಳಿಸಿದೆ.

ಇನ್ನೊಂದು ಸಂತೋಷದ ಸುದ್ದಿ, ನಿನಗೆ ಹೇಳದೆ ಮಾಡಿದ್ದು. ಆ ಲೇಖನದ ಪ್ರತಿಯನ್ನು ನಿಮ್ಮ ಯಜಮಾನರಿಗೇ ಅಂಚೆಯಲ್ಲಿ ಕಳಿಸಿದ್ದೇನೆ. ನೀನು ಎಂಥ ಕೆಲಸಗಾರ, ಈ ಸಾಧನೆಯಲ್ಲಿ ನಿನ್ನ ಪಾಲು ಎಷ್ಟು ಎಂದೆಲ್ಲ ಎರಡು ಪುಟ ಬರೆದಿದ್ದೇನೆ. ಚಿಕ್ಕ ತೊಟ್ಟಿ ಸಾಕು, ಇನ್ನು ದೊಡ್ಡದಕ್ಕೂ ಗೋಂದನ್ನೇ ಹಾಕಿ ಎಂದೂ ಬರೆದಿದ್ದೇನೆ. ಹದಿನೇಳು ವರ್ಷದಲ್ಲಿ ಅವರು ನಿನಗೆ ಒಂದು ಒಳ್ಳೆಯ ಮಾತು ಹೇಳಿದ್ದನ್ನು ನಾನು ಕೇಳಿಲ್ಲ. ಈಗ ಹೇಳಲಿ.

ಅಕ್ಕ


2012, ಜನವರಿ 30

ಅಕ್ಕ,

ನಿನ್ನ ಕಾಗದ ಯಜಮಾನರಿಗೆ ಸಿಕ್ಕಿತು. ಆಫೀಸಿಗೆ ಕರೆದು ಕುರ್ಚಿ ಕೊಟ್ಟರು. ಹದಿನೇಳು ಅಲ್ಲ, ಈಗ ಹತ್ತೊಂಬತ್ತು ವರ್ಷ. ಆ ಕುರ್ಚಿಯಲ್ಲಿ ಮೊದಲ ಸಲ ಕೂತೆ, ಮೆತ್ತಗಿತ್ತು.

ಲೇಖನವನ್ನು ಯಾರಿಂದಲೋ ಓದಿಸಿದ್ದಾರೆ. "ಎರಡು ವರ್ಷದಿಂದ ನನ್ನ ತೊಟ್ಟಿಯಲ್ಲೇ ಗೋಂದು ಓಡಿದೆ, ನನಗೇ ಗೊತ್ತಿಲ್ವಲ್ಲಯ್ಯಾ! ಅವತ್ತು ಹಾಳೆ ಕೆಟ್ಟಿದ್ದು ಹಾಗಾದ್ರೆ ನಿನ್ನ ಕೈಯಿಂದಲೇ ಅಲ್ವಾ, ಗೋಂದಿನ ತಪ್ಪಲ್ಲ" ಎಂದು ನಕ್ಕರು. ಮದ್ದಿನ ಡ್ರಮ್ಮುಗಳನ್ನು ವಾಪಸು ಕಳಿಸಿದರು. ಗೋಂದು ಅಗ್ಗ. ಈಗ ಎರಡೂ ತೊಟ್ಟಿಯಲ್ಲಿ ಅದೇ.

ಒಂದು ವಿಷಯ ಕೇಳಬೇಕಿತ್ತು. ಬಿಸಿಯಲ್ಲಿ ಮೂವತ್ತೆಂಟು ಬಂದಿತ್ತು ಎಂದಿದ್ದೆಯಲ್ಲ. ಅಂಥ ಸಮಯದಲ್ಲಿ ಗೋಂದಿನ ಜೊತೆ ಏನಾದರೂ ಬೆರೆಸಿ ಅದನ್ನು ಏರಿಸಲು ಬರುತ್ತದೆಯೇ? ಸುಮ್ಮನೆ ಕೇಳಿದೆ, ತಿಳಿದುಕೊಳ್ಳೋಣ ಎಂದು. ಉಗಿಯ ವಾಲ್ವನ್ನು ಅರ್ಧ ತಿರುಗಿಸಿ ನೋಡಿದೆ, ಆದರೆ ತಣ್ಣಗಾದರೆ ಕೆಲಸ ಮೂರು ಪಟ್ಟು ನಿಧಾನ, ಹಾಳೆಗಳು ಅಂಗಳದವರೆಗೆ ರಾಶಿ ಬೀಳುತ್ತವೆ.

ಬೇಗ ಬರೆಯುತ್ತೀಯಾ?

ತಮ್ಮ


2012, ಫೆಬ್ರುವರಿ 18

ನನ್ನ ವಿಜ್ಞಾನಿ ತಮ್ಮನಿಗೆ,

ಕುರ್ಚಿ ಕೊಟ್ಟರೇ! ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು. ಹಾಳೆ ಕೆಟ್ಟ ದಿನ ಯಾವುದು, ನನಗೆ ನೀನು ಹೇಳೇ ಇಲ್ಲವಲ್ಲ? ಇರಲಿ, ಬಂದಾಗ ಹೇಳುವೆಯಂತೆ.

ನಿನ್ನ ಪ್ರಶ್ನೆ ಓದಿ ಪ್ರೊಫೆಸರಿಗೂ ತೋರಿಸಿದೆ, ಇಬ್ಬರೂ ಖುಷಿಪಟ್ಟೆವು. ಅಯೊಡೈಡ್ ಎಂಬ ಉಪ್ಪು ಬೆರೆಸಿದರೆ ಸ್ವಲ್ಪ ಏರುತ್ತದೆ, ಆದರೆ ತೊಟ್ಟಿಗಟ್ಟಲೆ ಹಾಕಲು ಆಗುವಂಥದ್ದಲ್ಲ. ಅದಿರಲಿ, ತೊಂಬತ್ತಮೂರು ಕೊಡುವ ನಿನ್ನ ತೊಟ್ಟಿಗೆ ಅದೆಲ್ಲ ಯಾಕೆ?

ಏಪ್ರಿಲ್ 20ಕ್ಕೆ ನನ್ನ ಮೌಖಿಕ ಪರೀಕ್ಷೆ. ನೀನು ಮುಂದಿನ ಸಾಲಿನಲ್ಲಿ ಕೂರಬೇಕು, ಹೇಳಿಬಿಟ್ಟಿದ್ದೇನೆ. ದೊಡ್ಡ ತೊಟ್ಟಿಯಲ್ಲೂ ನಾಲ್ಕು ತುಂಡು ಇಳಿಬಿಟ್ಟು ತಾ. ಪರೀಕ್ಷಕರು ಕಣ್ಣಾರೆ ನೋಡಲಿ.

ಅಕ್ಕ


2012, ಮಾರ್ಚ್ 25

ಅಕ್ಕ,

ಬರಲು ಆಗುವುದಿಲ್ಲ. ಕೆಲಸ ಬಹಳ ಇದೆ. ತುಂಡುಗಳು ಕಳೆದುಹೋದವು. ನೀನು ಗೆಲ್ಲುತ್ತೀಯ.

ಕೈ ಬರಹ ನೋಡಿ ಹೆದರಬೇಡ, ಬೆರಳಿಗೆ ಪೆಟ್ಟಾಗಿದೆ, ಇವಳ ಕೈಯಲ್ಲಿ ಬರೆಸುತ್ತಿದ್ದೇನೆ.

ತಮ್ಮ


2012, ಏಪ್ರಿಲ್ 22

ತಮ್ಮಾ,

ಮೊನ್ನೆ ನನಗೆ ಡಾಕ್ಟರೇಟ್ ಬಂತು. ನಿನಗೆ ತಿಳಿಸಬೇಕಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಮುಂದಿನ ಸಾಲಿನಲ್ಲಿ ಒಂದು ಕುರ್ಚಿಯ ಮೇಲೆ ನನ್ನ ಚೀಲ ಇಟ್ಟಿದ್ದೆ. ಕೊನೆಯವರೆಗೂ ಬಾಗಿಲು ನೋಡಿದೆ. ಪರೀಕ್ಷಕರು ಐದನೆಯ ಅಧ್ಯಾಯದ ಬಗ್ಗೆಯೇ ಹೆಚ್ಚು ಕೇಳಿದರು. "ಇಂಥ ಫಲಿತಾಂಶ ನಾನೆಲ್ಲೂ ಕಂಡಿಲ್ಲ" ಎಂದರು ಒಬ್ಬರು. "ನನ್ನ ತಮ್ಮ ಇದ್ದಾನೆ, ಅವನನ್ನೇ ಕೇಳಿ" ಎಂದು ಹೇಳಬೇಕೆಂದಿದ್ದೆ. ಹೇಳಲು ನೀನಿರಲಿಲ್ಲ.

ಕೆಲಸ ಬಹಳವಂತೆ! ಇಪ್ಪತ್ತೆರಡು ವರ್ಷ ಪಾತ್ರೆ ತೊಳೆದು ನಿನ್ನ ಮದುವೆಯನ್ನೂ ನಾನೇ ಮಾಡಿದೆ. ಈ ಪ್ರಯೋಗವೂ ನಿನ್ನ ಎದೆಗಾಗಿಯೇ. ಎದೆ ಸರಿಯಾದ ಮೇಲೆ ಅಕ್ಕ ಯಾಕೆ ಬೇಕು? ನನಗೆ ಇನ್ನು ಕಾಗದ ಬರೆಯಬೇಡ. ಬರೆಯಬೇಕೆನಿಸಿದರೆ ಸ್ವಂತ ಕೈಯಲ್ಲಿ ಬರಿ.

ಅಕ್ಕ


2012, ಮೇ 6

ಅತ್ತಿಗೆ,

ಇದನ್ನು ಹೇಗೆ ಬರೆಯಬೇಕೋ ನನಗೆ ತಿಳಿಯದು. ಇವರು ಏಪ್ರಿಲ್ 19ರಂದು ಹೋಗಿಬಿಟ್ಟರು. ನಿಮಗೆ ಹೇಳಬಾರದೆಂದು ನನ್ನ ಕೈ ಹಿಡಿದು ಮಾತು ತೆಗೆದುಕೊಂಡಿದ್ದರು. "ಅವಳ ಪರೀಕ್ಷೆ ಮುಗೀಲಿ. ಆಮೇಲೆ ಹೇಳು" ಎಂದಿದ್ದರು. ಪರೀಕ್ಷೆ ಮುಗಿದ ಮೇಲೂ ನನಗೆ ಧೈರ್ಯ ಬರಲಿಲ್ಲ. ಅಷ್ಟರಲ್ಲಿ ನಿಮ್ಮ ಕಾಗದ ಬಂತು.

ಫೋನಿನಲ್ಲಿ ಅವರು ಮಾತಾಡುತ್ತಿರಲಿಲ್ಲವಲ್ಲ, ಸ್ನಾನಕ್ಕೆ ಹೋಗುತ್ತಿರಲಿಲ್ಲ. ಪಕ್ಕದಲ್ಲೇ ಬಾಯಿಗೆ ಟವೆಲ್ ಒತ್ತಿಕೊಂಡು ಕೂತಿರುತ್ತಿದ್ದರು, ನಿಮಗೆ ಕೆಮ್ಮು ಕೇಳಬಾರದೆಂದು. ಜನವರಿಯಿಂದೀಚೆ ಬಹಳ ಜಾಸ್ತಿಯಾಯಿತು. ತೊಟ್ಟಿಯ ಕೋಣೆಯಲ್ಲಿ ಎದುರು ನಿಂತವರ ಮುಖ ಕಾಣದಷ್ಟು ಹಬೆಯಂತೆ. ರಜೆ ಹಾಕಿ ಎಂದೆ, ಮದ್ದು ವಾಪಸು ತರಿಸಲು ಯಜಮಾನರಿಗೆ ಹೇಳಿ ಎಂದೆ. "ಹೇಳಕ್ಕಾಗಲ್ಲ ಕಣೇ" ಎನ್ನುತ್ತಿದ್ದರು. ಯಾಕೆಂದು ನನಗೆ ಇಂದಿಗೂ ಗೊತ್ತಿಲ್ಲ. ಕೊನೆಯ ತಿಂಗಳು ಮೆಟ್ಟಿಲು ಹತ್ತಲಾಗದೆ ಕೆಳಗಿನ ಮನೆಯವರ ವರಾಂಡದಲ್ಲೇ ಮಲಗುತ್ತಿದ್ದರು. ಎದೆ ಒಳಗಿನಿಂದ ಸುಟ್ಟ ಹಾಗಾಗಿದೆ ಎಂದರು ಡಾಕ್ಟರು.

ಅವರ ಊಟದ ಡಬ್ಬಿಯ ತಳದಲ್ಲಿ ಈ ಲಕೋಟೆ ಇತ್ತು. ಒಳಗೊಂದು ಕಬ್ಬಿಣದ ಚೂರೂ ಇದೆ. ನಿಮ್ಮ ಹೆಸರು ಬರೆದಿದ್ದರಿಂದ ನಾನು ಓದಿಲ್ಲ.


(ಲಕೋಟೆಯಲ್ಲಿದ್ದದ್ದು)

2012, ಏಪ್ರಿಲ್ 8

ಅಕ್ಕ,

ಇದನ್ನು ನಿನ್ನ ಪರೀಕ್ಷೆ ಮುಗಿದ ಮೇಲೆ ಅಂಚೆಗೆ ಹಾಕಬೇಕೆಂದಿದ್ದೇನೆ. ಸ್ವಂತ ಕೈಯಲ್ಲಿ ಬರೆಯುತ್ತಿದ್ದೇನೆ. ಎರಡು ಸಾಲಿಗೊಮ್ಮೆ ನಿಲ್ಲಬೇಕು.

ಗೋಂದು ಹಾಕಿದ್ದು ನಿಜ. ಮೂರು ದಿನ ಹಾಕಿದೆ. ಮೊದಲ ದಿನ ಬೆಳಿಗ್ಗೆ ತೊಟ್ಟಿ ತಣ್ಣಗಿರುವಾಗ ನೀನು ಹೇಳಿದ ಹಾಗೇ ಇತ್ತು, ಒಂದು ಗುಳ್ಳೆಯಿಲ್ಲ. ಉಗಿ ಬಿಟ್ಟ ಮೇಲೆ ಅನ್ನದ ಗಂಜಿ ಉಕ್ಕಿದ ಹಾಗೆ ಉಕ್ಕಿತು. ಮೊದಲು ಒಂದೇ ತುಂಡು ನೋಡೋಣ ಎಂದು ಐದನೆಯದನ್ನು ಇಳಿಬಿಟ್ಟಿದ್ದೆ. ಗಡಿಯಾರ ನೋಡಿಕೊಂಡು ಸರಿಯಾಗಿ ಆರು ಗಂಟೆ. ಅದೇ ಇದು. ತಳಕ್ಕೆ ಬೀಳಲಿಲ್ಲ.

ಮೂರನೆಯ ದಿನಕ್ಕೆ ಹಾಳೆಗಳೆಲ್ಲ ಗುಳಿ ಬಿದ್ದು ಯಜಮಾನರು ಬಾಯಿಗೆ ಬಂದಂತೆ ಬೈದರು. ಹಳೇ ಮದ್ದೇ ವಾಪಸು ಬಂತು. ಉಳಿದ ನಾಲ್ಕು ತುಂಡು ನನ್ನ ಕೈಯಲ್ಲಿದ್ದವು. ನಿನ್ನ ಕಾಗದವನ್ನು ಮತ್ತೆ ಓದಿದೆ. "ಕಾಯಲು ಮನಸ್ಸಿಲ್ಲ" ಎಂದು ಬರೆದಿದ್ದೆ. ನೀನು ಜೀವನದಲ್ಲಿ ಎಲ್ಲದಕ್ಕೂ ಕಾದವಳು, ಆ ಮಾತು ನಿನ್ನ ಬಾಯಲ್ಲಿ ನಾನು ಕೇಳಿದ್ದು ಅದೊಂದೇ ಸಲ. ನಾಲ್ಕನ್ನೂ ಹಳೇ ಮದ್ದಿನ ತೊಟ್ಟಿಯಲ್ಲಿ ಇಳಿಬಿಟ್ಟು ಕಳಿಸಿದೆ. ಆಮೇಲೆ ಎರಡು ವರ್ಷ ಅದನ್ನೇ ಮಾಡಿದೆ. ಯಾರಿಗೇನು ನಷ್ಟ ಎಂದುಕೊಂಡೆ. ಅಕ್ಕನಿಗೆ ಪದವಿ ಬರುತ್ತದೆ, ಪುಸ್ತಕ ಕಪಾಟಿನಲ್ಲಿ ಕೂರುತ್ತದೆ. ನೀನು ಯಜಮಾನರಿಗೆ ಬರೆಯುತ್ತೀಯ ಎಂದು ನನಗೇನು ಗೊತ್ತು?

ಈಗ ಅವರಿಗೆ ಹೇಳಬಹುದಿತ್ತು. ಹೇಳಿದರೆ ಅವರು ಸುಮ್ಮನಿರುವವರಲ್ಲ, ನಿನ್ನ ಕಾಲೇಜಿಗೆ ಬರೆಯುತ್ತಾರೆ. ಏಪ್ರಿಲ್ 20 ಒಂದು ದಾಟಲಿ ಎಂದು ಕಾಯುತ್ತಿದ್ದೇನೆ. ದಾಟಿದ ಮೇಲೆ ಹೇಳುತ್ತೇನೆ.

ನಿನ್ನ ಬಿಸ್ಕತ್ತು ಎರಡೂ ಸಮ ಇರುತ್ತಿರಲಿಲ್ಲ ಅಕ್ಕ. ದೊಡ್ಡದು ಯಾವಾಗಲೂ ನನ್ನ ಅಂಗೈಯಲ್ಲೇ ಇರುತ್ತಿತ್ತು. ನನಗೆ ಆಗಲೇ ಗೊತ್ತಿತ್ತು, ಆದರೂ ಸುಮ್ಮನೆ ತಿಂದೆ. ನಿನಗೂ ಒಂದು ಸಲ ದೊಡ್ಡ ತುಂಡು ಸಿಗಲಿ ಎಂದು ಆಸೆಪಟ್ಟೆ. ಬೈಯಬೇಡ.

ತಮ್ಮ


2012, ಮೇ 29

ತಂಗಿ,

ನಿನ್ನ ಕಾಗದ ಬಂದು ಮೂರು ವಾರವಾಯಿತು. ಉತ್ತರ ಬರೆಯಲು ಕೂತಾಗಲೆಲ್ಲ ನಾನು ಅವನಿಗೆ ಬರೆದ ಕೊನೆಯ ಕಾಗದ ಕಣ್ಣಮುಂದೆ ಬರುತ್ತದೆ. ಅದು ಅವನ ಕೈಗೆ ಸಿಗಲಿಲ್ಲ ಎಂದು ಸಮಾಧಾನ ಮಾಡಿಕೊಳ್ಳಲು ನೋಡುತ್ತೇನೆ. ಆಗುವುದಿಲ್ಲ. ಜನವರಿಯಲ್ಲಿ ಅವನು ನನ್ನನ್ನು ಕೇಳಿದ್ದ, ಬೇಗ ಬರಿ ಎಂದಿದ್ದ. ನಾನು ಆ ಕಾಗದವನ್ನು ನಗುತ್ತಾ ಪ್ರೊಫೆಸರಿಗೆ ತೋರಿಸಿದೆ. ಅವನನ್ನು ಕೊಂದದ್ದು ಆಸಿಡ್ ಅಲ್ಲ, ನಾನು ಹೆಮ್ಮೆಯಿಂದ ಬರೆದ ಆ ಎರಡು ಪುಟ.

ಅವನು ಯಾಕೆ "ಹೇಳಕ್ಕಾಗಲ್ಲ" ಎಂದನೆಂದು ನಿನಗೆ ತಿಳಿಯಬೇಕು. ಅವನ ಕಾಗದವನ್ನು ಇದರ ಜೊತೆ ಇಟ್ಟಿದ್ದೇನೆ, ಓದು. ಆಮೇಲೆ ನೀನು ನನ್ನ ಮುಖ ನೋಡದಿದ್ದರೂ ಸರಿ.

ವಿಶ್ವವಿದ್ಯಾಲಯಕ್ಕೂ ಪತ್ರಿಕೆಗೂ ನಿಜ ಬರೆದು ಕಳಿಸಿದೆ. "ಹೋದವರು ಬರಲ್ಲ, ಇದ್ದ ಪದವಿ ಯಾಕೆ ಕಳ್ಕೋತೀರಿ?" ಎಂದರು ಪ್ರೊಫೆಸರ್. ಕಾರ್ಖಾನೆಯ ಯಜಮಾನರಿಗೂ ಬರೆದೆ, ಗೋಂದು ನಿಲ್ಲಿಸಿ ಎಂದು ಬೇಡಿಕೊಂಡೆ. ಎರಡು ಸಾಲಿನ ಉತ್ತರ ಬಂತು. ಅಚ್ಚಾದದ್ದನ್ನು ಈಗ ಸುಳ್ಳು ಎಂದರೆ ನಂಬುವುದು ಹೇಗೆ, ತೊಟ್ಟಿಗೆ ಹೊಸಬ ಬಂದಿದ್ದಾನೆ, ಅವನೇನೂ ದೂರು ಹೇಳಿಲ್ಲ ಎಂದು ಬರೆದಿದ್ದಾರೆ.

ನಿನ್ನೆ ಐದನೆಯ ತುಂಡನ್ನು ತೂಗಿದೆ. ಎರಡು ವರ್ಷ ಕಳೆದಿದ್ದರೂ ತುಕ್ಕು ಹಿಡಿದಿರಲಿಲ್ಲ, ಎಣ್ಣೆ ಹಚ್ಚಿ ಕಾಗದದಲ್ಲಿ ಸುತ್ತಿಟ್ಟಿದ್ದ. ಎಣ್ಣೆ ತೊಳೆದು, ಒಣಗಿಸಿ, ನಾಲ್ಕು ಸಲ ತೂಗಿದೆ. ಹಳೆಯ ಪುಸ್ತಕದಲ್ಲಿ ಅದರ ಮೊದಲ ತೂಕ ಇತ್ತು. ಕಳೆದೆ, ಭಾಗಿಸಿದೆ. ಮೂವತ್ತೆಂಟು ಬಂತು.

ಸೋಮವಾರದ ರೈಲಿಗೆ ಬರುತ್ತಿದ್ದೇನೆ. ಮೊದಲು ಕಾರ್ಖಾನೆಗೆ ಹೋಗುತ್ತೇನೆ. ಒಳಗೆ ಬಿಡದಿದ್ದರೆ ಪಾಳಿ ಬಿಡುವವರೆಗೆ ಗೇಟಿನ ಹೊರಗೆ ನಿಂತು, ಆ ಹೊಸಬನಿಗೆ ಈ ತುಂಡನ್ನು ತೋರಿಸುತ್ತೇನೆ. ಅವನು ನಂಬುತ್ತಾನೋ ಇಲ್ಲವೋ ಗೊತ್ತಿಲ್ಲ. ಆಮೇಲೆ ನಿನ್ನ ಮನೆಗೆ ಬರುತ್ತೇನೆ. ಕೆಳಗಿಳಿದು ಬರಬೇಡ, ಹನ್ನೆರಡೇ ಮೆಟ್ಟಿಲು, ನಾನೇ ಹತ್ತಿ ಬರುತ್ತೇನೆ. ನಾಲ್ಕನೆಯದರಲ್ಲಿ ಮತ್ತು ಒಂಬತ್ತನೆಯದರಲ್ಲಿ ಸ್ವಲ್ಪ ನಿಲ್ಲುತ್ತೇನೆ, ಬಾಗಿಲು ತೆಗೆದೇ ಇಟ್ಟಿರು.

ಅತ್ತಿಗೆ